ಘಾಟಿ ಇಳಿಯುವಾಗ ಕಲ್ಲಾಗುವ ಬ್ರೇಕ್ ಪೆಡಲ್: ಪಂಪ್ ಬದಲಿಸುವ ಮೊದಲು ಪೈಪ್ ನೋಡಿ

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ವಿದ್ಯುತ್ ಕಾರು. ಮನೆ ಮಡಿಕೇರಿಯಲ್ಲಿ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗುವುದು ವಾರಕ್ಕೊಮ್ಮೆಯಾದರೂ ಇರುತ್ತದೆ. ಕಳೆದ ತಿಂಗಳು ಘಾಟಿಯ ನಡುವೆ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಕಲ್ಲಿನಂತೆ ಗಟ್ಟಿಯಾಯಿತು. ಮೈಯ ಬಲವೆಲ್ಲ ಹಾಕಿ ಒತ್ತಿ ಕಷ್ಟಪಟ್ಟು ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಸರಿಯಾಗಿತ್ತು. ಸರ್ವಿಸ್ ಸೆಂಟರಿನಲ್ಲಿ ಬ್ರೇಕ್ ಪ್ಯಾಡ್ ಬದಲಿಸಿದರು. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಈಗ ವ್ಯಾಕ್ಯೂಮ್ ಪಂಪ್, ಬೂಸ್ಟರ್ ಎರಡನ್ನೂ ಬದಲಿಸಬೇಕು ಎನ್ನುತ್ತಿದ್ದಾರೆ. ಇನ್ನೊಂದು ವಿಷಯ: ಕೆಲವು ತಿಂಗಳಿಂದ ಕಾರು ಆನ್ ಆಗಿ ಸುಮ್ಮನೆ ನಿಂತಿದ್ದಾಗಲೂ ಬಾನೆಟ್ ಒಳಗಿನಿಂದ ಆಗಾಗ ಗುರ್ ಎಂಬ ಸದ್ದು ಬರುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ. ನೀವು ಕೊನೆಗೆ ಸೇರಿಸಿದ ಆ ಗುರ್ ಸದ್ದಿನಲ್ಲೇ ಅರ್ಧ ಉತ್ತರ ಇದೆ. ಅದು ವ್ಯಾಕ್ಯೂಮ್ ಪಂಪಿನ ಸದ್ದು. ಪೆಡಲಿನ ಮೇಲೆ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಡಬ್ಬವೇ ಬೂಸ್ಟರ್, ಅದರೊಳಗಿನ ಗಾಳಿ ಎಳೆದು ನಿರ್ವಾತ ಮಾಡುವುದು ಈ ಪಂಪ್. ಯಾರೂ ಬ್ರೇಕ್ ತುಳಿಯದೆ ಕಾರು ನಿಂತಲ್ಲೇ ನಿಂತಿರುವಾಗ ಪಂಪ್ ಮತ್ತೆ ಮತ್ತೆ ಓಡುತ್ತಿದೆ ಎಂದರೆ, ಅದು ಹೊರಗೆ ಎಳೆದು ಹಾಕಿದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ. ಆ ಸೋರಿಕೆಯನ್ನು ಹುಡುಕದೆ ಹೊಸ ಪಂಪ್ ಹಾಕಿದರೆ ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಅದೂ ಸಾಯುತ್ತದೆ.

ಪರೀಕ್ಷೆಗಳಿಗೆ ಹೋಗುವ ಮೊದಲು ಒಂದು ಮಾತು. ಇದು ಸರಿಯಾಗುವವರೆಗೆ ದಯವಿಟ್ಟು ಆ ಕಾರಿನಲ್ಲಿ ಘಾಟಿ ಇಳಿಯಬೇಡಿ. ಎರಡು ಸಲ ಪಾರಾಗಿದ್ದೀರಿ. ಮೂರನೆಯ ಸಲ ಎದುರಿಗೆ ಬಸ್ಸು ಇರಬಹುದು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಇಲ್ಲಿ ತಪ್ಪುತ್ತಾರೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದರೆ ಪಟಪಟನೆ ತುಳಿಯಬೇಕು ಎಂದು ಹಿಂದಿನ ಡ್ರೈವರುಗಳು ಕಲಿಸಿದ್ದಾರೆ. ಆ ಪಾಠ ಗಟ್ಟಿ ಪೆಡಲಿಗೆ ಹೊಂದುವುದಿಲ್ಲ. ಬೂಸ್ಟರಿನಲ್ಲಿ ಉಳಿದ ಅಲ್ಪಸ್ವಲ್ಪ ನಿರ್ವಾತ ಪ್ರತಿ ಸಲ ಕಾಲು ಎತ್ತಿ ಒತ್ತಿದಾಗಲೂ ಖರ್ಚಾಗುತ್ತದೆ. ಹಾಗಾಗಿ ಒಮ್ಮೆ ಒತ್ತಿದ ಕಾಲನ್ನು ಎತ್ತಲೇಬೇಡಿ. ಬೆನ್ನನ್ನು ಸೀಟಿಗೆ ಒರಗಿಸಿ, ಬೇಕಾದರೆ ಎರಡೂ ಕಾಲಿನಿಂದ ಒತ್ತಿ ಹಿಡಿಯಿರಿ. ರೀಜೆನ್, ಅಂದರೆ ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಡಿಯುವ ಮಟ್ಟವನ್ನು ಏರಿಸಲು ಬಟನ್ ಅಥವಾ ಗೇರಿನಲ್ಲಿ ಬಿ ಮೋಡ್ ಇದ್ದರೆ ಏರಿಸಿ. ನ್ಯೂಟ್ರಲ್‌ಗೆ ಹಾಕಿದರೆ ಮೋಟಾರಿನ ಹಿಡಿತವೂ ತಪ್ಪುತ್ತದೆ, ಹಾಕಬೇಡಿ. ಓಡುತ್ತಿರುವಾಗ ಕಾರನ್ನು ಆಫ್ ಮಾಡಲೂ ಬೇಡಿ. ಹ್ಯಾಂಡ್‌ಬ್ರೇಕ್ ಲಿವರ್ ಇದ್ದರೆ ಅದರ ಬಟನ್ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಮ್ಮೆಗೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ.

ಈಗ ಒಳಗೆ ಏನಾಗುತ್ತದೆ ನೋಡೋಣ. ಬಾನೆಟ್ ಎತ್ತಿದರೆ ಡ್ರೈವರ್ ಬದಿಯ ಗೋಡೆಗೆ ಅಂಟಿಕೊಂಡಂತೆ, ಎರಡು ತಟ್ಟೆಗಳನ್ನು ಮುಖಾಮುಖಿ ಮುಚ್ಚಿಟ್ಟಂತಹ ಒಂದು ಕಪ್ಪು ಡಬ್ಬ ಕಾಣುತ್ತದೆ. ಅದೇ ಬೂಸ್ಟರ್. ಅದರ ನಡುವೆ ರಬ್ಬರಿನ ಒಂದು ಪರದೆ ಇದೆ. ಕಾಲು ಪೆಡಲಿನ ಮೇಲೆ ಇಲ್ಲದಾಗ ಪರದೆಯ ಎರಡೂ ಬದಿಯಲ್ಲಿ ನಿರ್ವಾತ. ಕಾಲಿಟ್ಟ ಕೂಡಲೇ ಒಂದು ಸಣ್ಣ ವಾಲ್ವ್ ತೆರೆದು ನಿಮ್ಮ ಬದಿಗೆ ಹೊರಗಿನ ಗಾಳಿ ಬಿಡುತ್ತದೆ. ಆಗ ವಾತಾವರಣವೇ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. 9 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 410 ಚದರ ಸೆಂಟಿಮೀಟರ್. ಎರಡು ಬದಿಗಳ ನಡುವೆ 70 ಕಿಲೋಪಾಸ್ಕಲ್ ವ್ಯತ್ಯಾಸ ಇದ್ದರೆ ಲೆಕ್ಕದ ಪ್ರಕಾರ 290 ಕೆಜಿ ಭಾರದಷ್ಟು ತಳ್ಳುವಿಕೆ. ಅಂಚು, ಸ್ಪ್ರಿಂಗುಗಳ ಪಾಲು ಕಳೆದರೂ ದೊಡ್ಡ ಸಹಾಯವೇ. ನಿರ್ವಾತ ಹೋಯಿತೋ, ಉಳಿಯುವುದು ನಿಮ್ಮ ಕಾಲಿನ ಬಲ ಮಾತ್ರ.

ಪೆಟ್ರೋಲ್ ಕಾರಿನಲ್ಲಿ ಈ ನಿರ್ವಾತ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಪುಕ್ಕಟೆ ಸಿಗುತ್ತದೆ. ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲದ ಕಾರಣ ನಿಮ್ಮಂಥ ಕಾರುಗಳಲ್ಲಿ 12 ವೋಲ್ಟಿನ ಸಣ್ಣ ಪಂಪ್ ಆ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ನಿರ್ವಾತ, ಅಂದರೆ ಹೊರಗಿನ ಗಾಳಿಗಿಂತ ಒಳಗೆ ಒತ್ತಡ ಎಷ್ಟು ಕಡಿಮೆ ಎಂಬ ಅಂಕಿ, 50 ಕಿಲೋಪಾಸ್ಕಲ್ ಆಸುಪಾಸಿಗೆ ಇಳಿದಾಗ ಓಡಲು ಶುರು ಮಾಡಿ, 70ರ ಹತ್ತಿರ ಬಂದಾಗ ನಿಲ್ಲುತ್ತದೆ. ಕಾರಿಂದ ಕಾರಿಗೆ ಈ ಅಂಕಿ ಸ್ವಲ್ಪ ಬದಲಾಗುತ್ತದೆ. ಇದು ಎಡೆಬಿಡದೆ ಓಡಲು ಮಾಡಿದ ಪಂಪ್ ಅಲ್ಲ. ಕೆಲವು ಸೆಕೆಂಡ್ ಓಡಿ, ಸುಮ್ಮನಿದ್ದು, ಮತ್ತೆ ಓಡುವ ಪಂಪ್. ಒಳಗಿನ ಕಾರ್ಬನ್ ರೆಕ್ಕೆಗಳು, ಮೋಟಾರಿನ ಬ್ರಷ್‌ಗಳು ಓಡಿದಷ್ಟೂ ಸವೆಯುತ್ತವೆ.

ಬೂಸ್ಟರ್ ಸತ್ತರೂ ಬ್ರೇಕ್ ಪೂರ್ತಿ ಸಾಯುವುದಿಲ್ಲ, ನೀವೇ ಕಂಡಂತೆ. ವಿಶ್ವಸಂಸ್ಥೆಯ ಆರ್ 13-ಎಚ್ ಬ್ರೇಕ್ ನಿಯಮದ ಪ್ರಕಾರ ಇಂಥ ವೈಫಲ್ಯದಲ್ಲೂ 500 ನ್ಯೂಟನ್, ಅಂದರೆ ಸುಮಾರು 51 ಕೆಜಿ ಬಲದೊಳಗೆ ಒತ್ತಿದರೆ ಕಾರು ಒಂದು ಕನಿಷ್ಠ ಮಟ್ಟದಲ್ಲಾದರೂ ನಿಲ್ಲಬೇಕು. ಆದರೆ ಆ ಕನಿಷ್ಠ ಎಷ್ಟು ಕಡಿಮೆ ನೋಡಿ. ಅದೇ ನಿಯಮದ ಸೂತ್ರದಲ್ಲಿ 60 ಕಿಮೀ ವೇಗದ ಕಾರು ಸರಿಯಾದ ಬ್ರೇಕಿನಲ್ಲಿ 28 ಮೀಟರಿನೊಳಗೆ ನಿಲ್ಲಬೇಕು, ವೈಫಲ್ಯದಲ್ಲಿ 63 ಮೀಟರ್ ತನಕ ಹೋಗಬಹುದು. ಅದೂ ಸಮತಟ್ಟು ರಸ್ತೆಯ ಲೆಕ್ಕ.

ಘಾಟಿಯಲ್ಲೇ ಏಕೆ ಆಯಿತು, ಊರೊಳಗೆ ಏಕೆ ಆಗಲಿಲ್ಲ? ಇದು ವಿದ್ಯುತ್ ಕಾರಿಗೇ ವಿಶೇಷವಾದ ಸಂಗತಿ, ಸ್ವಲ್ಪ ಬಿಡಿಸಿ ಹೇಳಬೇಕು. ದಿನನಿತ್ಯದ ಓಡಾಟದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ. ಪೆಡಲಿಗೆ ಕೆಲಸವೇ ಕಡಿಮೆ. ಬೂಸ್ಟರ್ ಅರೆಜೀವವಾಗಿದ್ದರೂ ಗೊತ್ತಾಗುವುದಿಲ್ಲ. ಆದರೆ ಮೋಟಾರ್ ಹಿಡಿದ ಶಕ್ತಿ ಬ್ಯಾಟರಿಗೆ ಹೋಗಬೇಕಷ್ಟೆ? ನೀವು ರಾತ್ರಿ 100% ಚಾರ್ಜ್ ಮಾಡಿ ಮನೆಯಿಂದ ನೇರ ಇಳಿಜಾರಿಗೆ ಬಿಡುತ್ತಿದ್ದೀರಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ. ಬ್ಯಾಟರಿ ಒಪ್ಪದ ಕಾರಣ ಕಾರು ರೀಜೆನ್ ಅನ್ನು ಬಹಳ ತಗ್ಗಿಸುತ್ತದೆ.

ಮಡಿಕೇರಿಯಿಂದ ಸಂಪಾಜೆಗೆ ಇಳಿತ ಸುಮಾರು ಒಂದು ಸಾವಿರ ಮೀಟರ್. 1,500 ಕೆಜಿಯ ಕಾರು ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 4 ಯೂನಿಟ್ ವಿದ್ಯುತ್ತಿಗೆ ಸಮ. ಟೈರಿನ ಎಳೆತ, ಗಾಳಿಯ ತಡೆ ಒಂದೂವರೆ ಯೂನಿಟ್ ತಿಂದರೂ ಉಳಿದ ಎರಡೂವರೆಯನ್ನು ಮೋಟಾರ್ ಇಲ್ಲವೇ ಬ್ರೇಕ್ ನುಂಗಬೇಕು. ಮೋಟಾರ್ ಕೈ ಎತ್ತಿದ ಮೇಲೆ ಎಲ್ಲವೂ ಬ್ರೇಕಿನ ಪಾಲು. ತಿರುವಿಗೊಮ್ಮೆ ಪೆಡಲ್, ಪ್ರತಿ ಪೆಡಲಿಗೆ ಪಂಪ್. ಮೊದಲೇ ಸೋರುತ್ತಿರುವ ವ್ಯವಸ್ಥೆಯಲ್ಲಿ ಪಂಪಿಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ. ಬಿಸಿಯಾಗುತ್ತದೆ, ಬಿಸಿ ಮಿತಿಮೀರಿ ನಿಲ್ಲುತ್ತದೆ. ಮುಂದಿನ ಎರಡು ಮೂರು ಒತ್ತುವಿಕೆಯಲ್ಲಿ ಇದ್ದ ನಿರ್ವಾತ ಮುಗಿದು ಪೆಡಲ್ ಕಲ್ಲು. ಹತ್ತು ನಿಮಿಷ ತಣಿದರೆ ಮತ್ತೆ ಓಡುತ್ತದೆ. ನೀವು ಹೇಳಿದ ಲಕ್ಷಣಗಳಿಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಕಾರಣ ನನಗೆ ಕಾಣುವುದಿಲ್ಲ. ಪ್ಯಾಡ್ ಸವೆದಿದ್ದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತಿರಲಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಮನೆಯ ಅಂಗಳ ಸಾಕು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗಬೇಡಿ, ಅವು ಜೀವ ತೆಗೆಯುವ ವೋಲ್ಟೇಜಿನವು. ಪಂಪ್ ಆ ಸಾಲಿಗೆ ಸೇರಿದ್ದಲ್ಲ.

ಕಾರು ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಗಟ್ಟಿಯಾಗುತ್ತದೆ, ಆಗಲೇಬೇಕು. ಈಗ ಕಾಲನ್ನು ಹದವಾಗಿ ಒತ್ತಿ ಹಿಡಿದುಕೊಂಡೇ ಕಾರನ್ನು ಆನ್ ಮಾಡಿ. ಪಂಪ್ ಗುರ್ ಎನ್ನಬೇಕು, ಪೆಡಲ್ ಕಾಲಿನ ಕೆಳಗೆ ತಾನಾಗಿ ಸ್ವಲ್ಪ ಇಳಿಯಬೇಕು. ಸದ್ದೇ ಇಲ್ಲ, ಪೆಡಲೂ ಇಳಿಯಲಿಲ್ಲ ಎಂದರೆ ಪಂಪಿಗೆ ಕರೆಂಟ್ ಬರುತ್ತಿಲ್ಲ ಅಥವಾ ಪಂಪ್ ಸತ್ತಿದೆ. ಸದ್ದಿದೆ, ಇಳಿಯಲಿಲ್ಲ ಎಂದರೆ ಪಂಪ್ ಸವೆದಿದೆ ಅಥವಾ ಪೈಪ್ ಕಳಚಿದೆ. ಇಳಿಯಿತು, ಆದರೆ ಪಂಪ್ ಅರ್ಧ ನಿಮಿಷವಾದರೂ ನಿಲ್ಲುವುದಿಲ್ಲ ಎಂದರೆ ಸೋರಿಕೆಯ ಮೇಲೆ ಅನುಮಾನ ಇಡಿ.

ಮುಂದಿನದು ನಿಮ್ಮ ಕಾರಿಗೆ ಅತಿ ಮುಖ್ಯವಾದ ಪರೀಕ್ಷೆ. ಪಂಪ್ ನಿಂತ ಮೇಲೆ ಪೆಡಲ್ ಮುಟ್ಟದೆ ಮೊಬೈಲಿನಲ್ಲಿ ಸಮಯ ಹಿಡಿಯಿರಿ. ಆರೋಗ್ಯವಾಗಿರುವ ವ್ಯವಸ್ಥೆಯಲ್ಲಿ ಹಲವು ನಿಮಿಷ ಪಂಪ್ ಮತ್ತೆ ಸದ್ದು ಮಾಡಬಾರದು. ನಿಮ್ಮದರಲ್ಲಿ ನಿಮಿಷಕ್ಕೊಮ್ಮೆ ಓಡುತ್ತದೆ ಎಂದು ನನ್ನ ಊಹೆ. ಆಮೇಲೆ ಕಾರನ್ನು ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಬಂದು ಪೆಡಲ್ ಒತ್ತಿ. ಮೊದಲ ಒಂದೆರಡು ಸಲ ಮೃದುವಾಗಿ ಇಳಿಯಬೇಕು. ಮೊದಲ ಸಲವೇ ಗಟ್ಟಿ ಎಂದರೆ ಕೂಡಿಟ್ಟ ನಿರ್ವಾತ ಸೋರಿಹೋಗಿದೆ.

ಇನ್ನೊಂದು: ಪಂಪ್ ನಿಂತ ಮೇಲೆ ಪೆಡಲ್ ಒತ್ತಿ ಹಿಡಿದು, ಹಾಗೇ ಕಾರನ್ನು ಆಫ್ ಮಾಡಿ 30 ಸೆಕೆಂಡ್ ಕಾಲನ್ನು ಕದಲಿಸಬೇಡಿ. ಪೆಡಲ್ ನಿಧಾನವಾಗಿ ಕಾಲನ್ನು ಮೇಲಕ್ಕೆ ನೂಕಿದರೆ ಬೂಸ್ಟರಿನ ಪರದೆ ಅಥವಾ ವಾಲ್ವ್ ಮೇಲೆ ಕಣ್ಣಿಡಿ. ಪೆಡಲಿನ ಬುಡದಿಂದ, ಕಾಲಿನ ಹತ್ತಿರ, ಸುಂಯ್ ಎಂಬ ಸದ್ದು ಎಡೆಬಿಡದೆ ಬಂದರೂ ಅದೇ ಅರ್ಥ. ಒತ್ತುವ ಕ್ಷಣದಲ್ಲಿ ಮಾತ್ರ ಚಿಕ್ಕ ಉಸಿರಿನಂಥ ಸದ್ದು ಬಂದರೆ ಅದು ಸಹಜ. ಬೂಸ್ಟರ್ ಬದಲಿಸಿ ಎನ್ನುವವರು ಈ ಪರೀಕ್ಷೆ ಮಾಡಿದರೇ ಎಂದು ಕೇಳಿ. ಬೂಸ್ಟರ್ ಹಾಳಾಗುವುದು ಇಲ್ಲವೆಂದಲ್ಲ, ಆದರೆ ಪೈಪ್ ಮತ್ತು ವಾಲ್ವ್ ಅದಕ್ಕಿಂತ ಎಷ್ಟೋ ಬೇಗ ಹಾಳಾಗುತ್ತವೆ.

ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ. ಸೈಕಲ್ ಟ್ಯೂಬಿಗೆ ಮಾಡಿದಂತೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುವುದಿಲ್ಲ, ಇಲ್ಲಿ ಗಾಳಿ ಹೊರಗೆ ಬರುತ್ತಿಲ್ಲ, ಒಳಗೆ ಹೋಗುತ್ತಿದೆ. ನಾನು ಬಳಸುವುದು ಊದುಬತ್ತಿ. ಕೆಲವು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಒಂದು ವಿದ್ಯುತ್ ಕಾರು ಬಂತು. ಹದಿನೆಂಟು ತಿಂಗಳಲ್ಲಿ ಎರಡು ಪಂಪ್ ಬದಲಾಗಿತ್ತು, ಮೂರನೆಯದೂ ಏದುಸಿರು ಬಿಡುತ್ತಿತ್ತು. ಕಣ್ಣಿಗೆ ಎಲ್ಲವೂ ಸರಿ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಊದುಬತ್ತಿ ಹಚ್ಚಿ ಪಂಪಿನಿಂದ ಬೂಸ್ಟರಿಗೆ ಹೋಗುವ ಪೈಪಿನ ಉದ್ದಕ್ಕೂ ಬೆರಳಗಲ ದೂರದಲ್ಲಿ ನಿಧಾನವಾಗಿ ಸರಿಸುತ್ತ ಹೋದೆ. ನೇರವಾಗಿ ಏಳುತ್ತಿದ್ದ ಹೊಗೆಯ ಎಳೆ ಒಂದು ಕ್ಲಾಂಪಿನ ಹತ್ತಿರ ಬಂದಾಗ ಥಟ್ಟನೆ ಕೆಳಕ್ಕೆ ಬಾಗಿ ಪೈಪಿನ ಅಡಿಗೆ ನುಸುಳಿತು. ಪೈಪ್ ಬಿಚ್ಚಿ ಬಗ್ಗಿಸಿ ನೋಡಿದರೆ ಕ್ಲಾಂಪ್ ಕಚ್ಚಿದ ಗುರುತಿನ ಮೇಲೆಯೇ ಕೂದಲೆಳೆಯಷ್ಟು ಸೀಳು. ನೇರ ಹಿಡಿದರೆ ಮುಚ್ಚಿಕೊಳ್ಳುತ್ತಿತ್ತು, ಬಗ್ಗಿಸಿದರೆ ಮಾತ್ರ ಬಾಯಿ ಬಿಡುತ್ತಿತ್ತು. ಎರಡು ಪಂಪ್ ನುಂಗಿದ್ದು ಆ ಸೀಳು. ಊದುಬತ್ತಿಯನ್ನು 12 ವೋಲ್ಟ್ ಬ್ಯಾಟರಿಯ ಬಳಿ ಮಾತ್ರ ಒಯ್ಯಬೇಡಿ, ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ.

ನೋಡಬೇಕಾದ ಜಾಗಗಳು ಹೆಚ್ಚಿಲ್ಲ. ಪೈಪಿನ ಎರಡೂ ತುದಿ, ಬೇರೆ ಭಾಗಕ್ಕೆ ಉಜ್ಜುವ ತಿರುವು, ಬೂಸ್ಟರಿಗೆ ಸೇರುವಲ್ಲಿನ ರಬ್ಬರ್ ಬುಶ್, ನಿರ್ವಾತ ಅಳೆಯುವ ಸೆನ್ಸರಿನ ಬುಡ, ಮತ್ತು ಪೈಪಿನ ನಡುವೆಯೋ ತುದಿಯಲ್ಲೋ ಇರುವ ಚೆಕ್ ವಾಲ್ವ್. ಈ ವಾಲ್ವನ್ನು ಬಿಚ್ಚಿ ಬಾಯಲ್ಲಿ ಊದಿ ನೋಡಿದರೆ ಗೊತ್ತಾಗುತ್ತದೆ, ಒಂದು ಕಡೆಯಿಂದ ಮಾತ್ರ ಗಾಳಿ ದಾಟಬೇಕು. ಎರಡೂ ಕಡೆ ದಾಟಿದರೆ ಪಂಪ್ ನಿಂತ ಕೂಡಲೇ ಗಾಳಿ ಪಂಪಿನ ಮೂಲಕವೇ ವಾಪಸ್ ಬರುತ್ತದೆ. ಹೊಸದು ಹಾಕುವಾಗ ಬಾಣದ ಗುರುತು ಪಂಪಿನ ಕಡೆಗಿರಲಿ. ನಿಮ್ಮ ಕಡೆ ಮಳೆಗಾಲದಲ್ಲಿ ಇಲಿಗಳು ಬಾನೆಟ್ ಒಳಗೆ ಬೆಚ್ಚಗೆ ಮಲಗುವುದೂ ಉಂಟು. ಹಲ್ಲಿನ ಗುರುತು ಇದೆಯೇ ನೋಡಿ.

ಪೈಪ್ ಬದಲಿಸುವುದಾದರೆ ಬ್ರೇಕ್ ವ್ಯಾಕ್ಯೂಮಿಗೆಂದೇ ಮಾಡಿದ ಪೈಪ್ ಹಾಕಿಸಿ. ಪೆಟ್ರೋಲ್ ಪೈಪನ್ನೋ ನೀರಿನ ಪೈಪನ್ನೋ ಕತ್ತರಿಸಿ ಹಾಕಿದ್ದನ್ನು ನಾನು ಕಂಡಿದ್ದೇನೆ. ನಿರ್ವಾತ ಏರಿದಾಗ ಅದು ಒಳಕ್ಕೆ ಚಪ್ಪಟೆಯಾಗಿ ತಾನೇ ದಾರಿ ಮುಚ್ಚುತ್ತದೆ. ರಬ್ಬರ್ ಬುಶ್ ಕೂರಿಸಲು ಎಂಜಿನ್ ಆಯಿಲ್, ಗ್ರೀಸ್ ಹಚ್ಚಬಾರದು. ಒಂದು ಹನಿ ನೀರು ಸಾಕು.

ಮೆಕ್ಯಾನಿಕ್ ಬಳಿ ವ್ಯಾಕ್ಯೂಮ್ ಗೇಜ್ ಇದ್ದರೆ ಟಿ ಜಾಯಿಂಟ್ ಹಾಕಿ ಅಳೆಯಲಿ. ಅಂಕಿ ಓದುವಾಗ ಊರಿನ ಎತ್ತರ ಮರೆಯಬಾರದು. ಮಂಗಳೂರಿನಲ್ಲಿ ವಾತಾವರಣದ ಒತ್ತಡ 101 ಕಿಲೋಪಾಸ್ಕಲ್, ಮಡಿಕೇರಿಯಲ್ಲಿ 88ರ ಹತ್ತಿರ. ಅದೇ ಪಂಪ್ ನಿಮ್ಮ ಊರಿನಲ್ಲಿ ಅಷ್ಟು ಆಳದ ನಿರ್ವಾತಕ್ಕೆ ಮುಟ್ಟಲು ಹೆಚ್ಚು ಹೊತ್ತು ಹೆಣಗುತ್ತದೆ. ಕರಾವಳಿಯಲ್ಲಿ ಪರೀಕ್ಷೆ ಪಾಸಾದ ಸವೆದ ಪಂಪ್ ಬೆಟ್ಟದ ಮೇಲೆ ಸೋಲುವುದು ಇದೇ ಕಾರಣಕ್ಕೆ. ಸ್ಕ್ಯಾನರ್ ಹಾಕಿದರೆ ಕಾರಿನ ಸ್ವಂತ ಸೆನ್ಸರ್ ತೋರಿಸುವ ಅಂಕಿಯನ್ನೂ ಗೇಜಿನ ಅಂಕಿಯನ್ನೂ ಹೋಲಿಸಬಹುದು. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಸೆನ್ಸರೇ ಸುಳ್ಳು ಹೇಳಿ ಪಂಪನ್ನು ಬೇಗ ನಿಲ್ಲಿಸುತ್ತಿದೆ ಅಥವಾ ಸುಮ್ಮನೆ ಓಡಿಸುತ್ತಿದೆ. ಘಾಟಿಯಲ್ಲಿ ಎಚ್ಚರಿಕೆಯ ದೀಪ ಒಂದು ಕ್ಷಣ ಹತ್ತಿ ಆರಿದ್ದರೂ ದೋಷದ ಕೋಡ್ ನೆನಪಿನಲ್ಲಿ ಉಳಿದಿರುತ್ತದೆ. ಅಳಿಸುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ.

ಸೋರಿಕೆ ಮುಚ್ಚಿದ ಮೇಲೂ ಪಂಪ್ ನಡುವೆ ನಿಂತರೆ ವಿದ್ಯುತ್ತಿನ ಕಡೆ ನೋಡಬೇಕು. ಪಂಪಿನ ಕನೆಕ್ಟರಿನಲ್ಲಿ, ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಬೇಕು. ಕಾರು ಆನ್ ಇದ್ದಾಗ 12 ವೋಲ್ಟ್ ಸಾಲಿನಲ್ಲಿ 13.5ರಿಂದ 14.4 ಇರುತ್ತದೆ. ಪಂಪಿಗೆ ಮುಟ್ಟುವಾಗ 11ಕ್ಕೋ 10ಕ್ಕೋ ಇಳಿದಿದ್ದರೆ ದಾರಿಯಲ್ಲಿ ಯಾವುದೋ ಕೊಂಡಿ ವೋಲ್ಟೇಜ್ ತಿನ್ನುತ್ತಿದೆ: ಸುಟ್ಟ ರಿಲೇ ಕಾಂಟ್ಯಾಕ್ಟ್, ಹಸಿರು ಹಿಡಿದ ಅರ್ಥ್ ವೈರ್, ಸಡಿಲ ಪಿನ್. ತಿಂಗಳುಗಟ್ಟಲೆ ನಿಮಿಷಕ್ಕೊಮ್ಮೆ ಪಂಪ್ ಚಾಲೂ ಮಾಡಿದ ರಿಲೇಯ ಕಾಂಟ್ಯಾಕ್ಟ್ ಕಪ್ಪಾಗಿರುವ ಸಾಧ್ಯತೆ ಹೆಚ್ಚು. ಪಂಪಿನ ಜೊತೆ ಅದನ್ನೂ ಬದಲಿಸಿ, ಬೆಲೆ ಏನೂ ದೊಡ್ಡದಲ್ಲ. ವೋಲ್ಟೇಜ್ ಪೂರ್ತಿ ಇದ್ದೂ ಪಂಪ್ ತಿರುಗದಿದ್ದರೆ ಪಂಪಿನದೇ ಆಯಸ್ಸು ಮುಗಿದಿದೆ. ಅಷ್ಟು ಕಾಲ ದುಡಿದ ನಿಮ್ಮ ಪಂಪ್ ಬಹುಶಃ ಬದಲಾಗಬೇಕಾಗುತ್ತದೆ ಎಂದೇ ನನ್ನ ಎಣಿಕೆ. ನಾನು ಬೇಡ ಎನ್ನುತ್ತಿರುವುದು ಸೋರಿಕೆ ಹುಡುಕದೆ ಬದಲಿಸುವುದನ್ನು. ಗುಜರಿಯಿಂದ ತಂದ ಹಳೆ ಪಂಪ್ ಮಾತ್ರ ಹಾಕಿಸಬೇಡಿ.

ಬೂಸ್ಟರಿನ ಎಲ್ಲ ಪರೀಕ್ಷೆ ಪಾಸಾಗಿ, ಪೆಡಲ್ ಹದವಾಗಿ ಇಳಿದರೂ ಕಾರು ನಿಲ್ಲುವುದಿಲ್ಲ ಎನ್ನುವವರ ಕಥೆ ಬೇರೆ. ವಿದ್ಯುತ್ ಕಾರಿನ ಡಿಸ್ಕುಗಳಿಗೆ ಕೆಲಸ ಕಡಿಮೆ, ಹಾಗಾಗಿ ತುಕ್ಕು ಜಾಸ್ತಿ. ಕ್ಯಾಲಿಪರ್ ಜಾರುವ ಪಿನ್ನುಗಳು ಕಚ್ಚಿಕೊಳ್ಳುತ್ತವೆ, ಪ್ಯಾಡ್ ಮೇಲ್ಮೈ ಗಾಜಿನಂತಾಗುತ್ತದೆ. ಬಿಚ್ಚಿ ತೊಳೆದು ಸರಿಯಾದ ಗ್ರೀಸ್ ಹಾಕಿದರೆ ಸರಿಹೋಗುತ್ತದೆ.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ಎಲ್ಲ ವಿದ್ಯುತ್ ಕಾರಿನಲ್ಲೂ ಈ ಪಂಪ್ ಇರುವುದಿಲ್ಲ. ಬಾಷ್ ಕಂಪನಿಯ ಐಬೂಸ್ಟರ್‌ನಂಥ ವ್ಯವಸ್ಥೆಯಲ್ಲಿ ನಿರ್ವಾತವೇ ಇಲ್ಲ, ಮೋಟಾರ್ ಗೇರ್ ಮೂಲಕ ನೇರವಾಗಿ ತಳ್ಳುತ್ತದೆ. ನೆಕ್ಸಾನ್ ಇವಿ ಮ್ಯಾಕ್ಸ್ 2022ರಲ್ಲಿ ಬಂದಾಗಲೂ ನಿರ್ವಾತವಿಲ್ಲದ ಬೂಸ್ಟರನ್ನೇ ಹೊತ್ತು ಬಂತು. ಅಂಥ ಕಾರಿನಲ್ಲಿ ಪೆಡಲ್ ಗಟ್ಟಿಯಾಗಿ ಕೆಂಪು ಬ್ರೇಕ್ ದೀಪ ಹತ್ತಿದರೆ ಊದುಬತ್ತಿ, ಪೈಪ್ ಯಾವುದೂ ಉಪಯೋಗಕ್ಕಿಲ್ಲ. ಟೋಯಿಂಗ್ ಮಾಡಿಸಿ, ಆ ಕಾರಿನ ಸ್ಕ್ಯಾನರ್ ಇರುವ ಕಡೆಗೇ ಒಯ್ಯಿರಿ.

ನಿಮ್ಮ ಕಾರು ರಿಪೇರಿಯಾಗಿ ಬಂದಾಗ ಮೇಲಿನ ಪರೀಕ್ಷೆಗಳನ್ನು ಸರ್ವಿಸ್ ಸೆಂಟರಿನ ಅಂಗಳದಲ್ಲೇ, ಅವರ ಎದುರಿಗೇ ಮತ್ತೊಮ್ಮೆ ಮಾಡಿ. ಇನ್ನು ಮೇಲೆ ಘಾಟಿ ಇಳಿಯುವ ಹಿಂದಿನ ರಾತ್ರಿ ಚಾರ್ಜಿಂಗನ್ನು 80%ಕ್ಕೆ ನಿಲ್ಲಿಸಿ. 30 ಯೂನಿಟ್ ಬ್ಯಾಟರಿಯಾದರೆ 6 ಯೂನಿಟ್ ಜಾಗ ಉಳಿಯುತ್ತದೆ, ಸಂಪಾಜೆಯ ಇಳಿತ ಕೊಡುವ ಎರಡೂವರೆಗೆ ಧಾರಾಳವಾಯಿತು. ಮೊದಲ ಸಲ ಹಗಲಿನಲ್ಲೇ ಇಳಿಯಿರಿ. ಮದೆನಾಡು ದಾಟಿ ಜೋಡುಪಾಲದ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕಾರು ಆನ್ ಇರುವಾಗಲೇ ಬ್ರೇಕಿನಿಂದ ಕಾಲೆತ್ತಿ ಮೂರು ನಿಮಿಷ ಕಿವಿಗೊಡಿ. ಪಂಪ್ ಒಮ್ಮೆ ಓಡಿ ನಿಂತು, ಮತ್ತೆ ಸದ್ದು ಮಾಡದಿದ್ದರೆ ಸುಳ್ಯದವರೆಗೆ ಹೋಗಿ ಬನ್ನಿ. ಆ ಗುರ್ ಮತ್ತೆ ಕೇಳಿದರೆ ಅಲ್ಲಿಂದಲೇ ವಾಪಸ್ ಏರಿ ಮಡಿಕೇರಿಗೆ ಬನ್ನಿ, ಸೋರಿಕೆ ಇನ್ನೂ ಉಳಿದಿದೆ.